ತುತ್ತು ತುಟಿಯ ಬಳಿ ನಿಲ್ಲಬೇಕು: ಊಟ ಒಲ್ಲದ ಎಳೆಯ ಮಕ್ಕಳಿಗೆ ಉಣಿಸುವ ಬಗೆ

ಪಾಂಡವಪುರ ತಾಲ್ಲೂಕಿನ ಒಂದು ಮನೆಯಲ್ಲಿ 14 ತಿಂಗಳ ಕೂಸಿಗೆ ರಾಗಿ ಸರಿ ಕುಡಿಸುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಅಜ್ಜಿ ಗೋಡೆಗೆ ಒರಗಿ ಕಾಲು ನೀಡಿ ಕುಳಿತು ಕೂಸನ್ನು ಕಾಲಿನ ಮೇಲೆ ಅಂಗಾತ ಮಲಗಿಸಿಕೊಂಡಿದ್ದರು. ತಾಯಿ ಅದರ ಎರಡೂ ಕೈಗಳನ್ನು ಹಿಡಿದುಕೊಂಡಿದ್ದರು. ಒಳಲೆಯ, ಎಂದರೆ ಕೂಸಿಗೆ ಹಾಲು ಸರಿ ಕುಡಿಸುವ ಪುಟ್ಟ ಪಾತ್ರೆಯ, ಮೂತಿ ಬಾಯಿಗೆ ತಾಗಿದೊಡನೆ ಕೂಸು ಮುಖ ತಿರುಗಿಸಿತು, ತುಟಿ ಬಿಗಿಯಿತು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿತು. ಮಾತು ಬಾರದ ಕೂಸು ಮೂರು ಸಲ ಬೇಡವೆಂದಿತ್ತು. ಅಜ್ಜಿ ಎರಡು ಬೆರಳುಗಳಿಂದ ಮೂಗು ಒತ್ತಿ, ಉಸಿರಿಗೆಂದು ಅದು ಬಾಯಿ ತೆರೆದ ಗಳಿಗೆಯಲ್ಲಿ ಸರಿಯನ್ನು ಒಳಕ್ಕೆ ಬಿಟ್ಟರು. "ಇಷ್ಟೂ ಒಳಕ್ಕೋಗದಿದ್ರೆ ಕೂಸು ಹೆಂಗವ್ವ ಮೈಕೈ ತುಂಬ್ಕತದೆ?" ಎಂದು ನನ್ನನ್ನೇ ಕೇಳಿದರು. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಹೆದರಿಕೆಯಿತ್ತು.

ಎಳೆಯ ಮಕ್ಕಳಿಗೆ ಉಣಿಸುವ ವಿಚಾರದಲ್ಲಿ ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಇಲ್ಲಿಂದಲೇ ಹೊರಡುತ್ತದೆ. ತುತ್ತನ್ನು ತುಟಿಯವರೆಗೆ ಒಯ್ಯುವುದು ದೊಡ್ಡವರ ಕೆಲಸ; ಬಾಯಿ ತೆರೆದು ಅದನ್ನು ಒಳಗೆ ತೆಗೆದುಕೊಳ್ಳುವುದು ಮಗುವಿನ ಕೆಲಸ. ಏನನ್ನು, ಯಾವ ಹೊತ್ತಿಗೆ, ಎಲ್ಲಿ ಕೂರಿಸಿ ಕೊಡಬೇಕೆಂಬುದನ್ನು ನಾವು ನಿರ್ಧರಿಸಬೇಕು. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎಂಬುದನ್ನು ಮಗುವಿಗೆ ಬಿಡಬೇಕು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ರೂಪಿಸಿದ ಈ ಹಂಚಿಕೆಯನ್ನು ಇಂದು ಮಕ್ಕಳ ವೈದ್ಯರು ಹಲವು ದೇಶಗಳಲ್ಲಿ ಒಪ್ಪಿ ಹೇಳಿಕೊಡುತ್ತಾರೆ. ಹೇಳುವುದು ಸುಲಭ. ಆದರೆ ಬಾಯಿ ತಾನಾಗಿಯೇ ತೆರೆಯಬೇಕಾದರೆ ಮಗು ಕೂರುವ ರೀತಿ, ಚಮಚ ಹಿಡಿಯುವ ರೀತಿ, ಅಡುಗೆಯ ಹದ, ಹೊಟ್ಟೆಯ ಹಸಿವು ಇವಿಷ್ಟೂ ಕೂಡಿಬರಬೇಕಾಗುತ್ತದೆ.

ಒಳಲೆಯ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ದಿನ ತುಂಬದೆ ಹುಟ್ಟಿ ಎದೆ ಚೀಪಲು ಶಕ್ತಿಯಿಲ್ಲದ ಕೂಸುಗಳಿಗೆ ತಾಯಿಯ ಹಾಲನ್ನು ಹಿಂಡಿ ಒಳಲೆಯಲ್ಲಿ ಕುಡಿಸುವುದನ್ನು ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿಯೂ ಕಲಿಸುತ್ತಾರೆ. ಅಲ್ಲಿ ತಲೆಯನ್ನು ಎತ್ತಿ ಹಿಡಿದು, ಒಂದೊಂದು ಗುಟುಕು ನುಂಗಿದ್ದನ್ನು ಕಂಡುಕೊಂಡ ಮೇಲೆ ಮುಂದಿನದನ್ನು ಬಿಡುತ್ತಾರೆ. ಅಪಾಯವಿರುವುದು ಅಂಗಾತ ಮಲಗಿಸುವುದರಲ್ಲಿ ಮತ್ತು ಸುರಿಯುವುದರಲ್ಲಿ.

ಮೊದಲು ತಾಯಿ ಕಾರ್ಡ್ ತೆಗೆದು ನೋಡಿ

ಉಣಿಸುವ ಉಪಾಯಗಳನ್ನು ಹುಡುಕುವ ಮುನ್ನ ಮಗು ನಿಜವಾಗಿಯೂ ಕಡಿಮೆ ತಿನ್ನುತ್ತಿದೆಯೇ ಎಂಬುದನ್ನು ತಿಳಿಯಬೇಕು. ಹುಟ್ಟಿದಾಗ 2.8 ಕೆ.ಜಿ. ಇದ್ದ ಕೂಸು ವರ್ಷ ತುಂಬುವ ಹೊತ್ತಿಗೆ ಹೆಚ್ಚುಕಡಿಮೆ ಅದರ ಮೂರರಷ್ಟು ತೂಗುತ್ತದೆ. ಎರಡನೆಯ ವರ್ಷವಿಡೀ ಅದು ಕೂಡಿಸಿಕೊಳ್ಳುವುದು ಸುಮಾರು ಎರಡರಿಂದ ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. "ಮೊನ್ನೆಮೊನ್ನೆಯವರೆಗೂ ಬಟ್ಟಲು ತುಂಬ ತಿನ್ನುತ್ತಿತ್ತು, ಯಾರ ಕಣ್ಣು ಬಿತ್ತೋ" ಎಂದು ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಹೇಳುವ ಮನೆಗಳೇ ಹೆಚ್ಚು. ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ತೆಗೆದ ಮೇಲೆ ಅಂಗನವಾಡಿಗೆ ಹೋಗಿ ತೂಕವನ್ನೂ ಹಾಕಿಸಬೇಕು. ಒಂದು ತಿಂಗಳ ತೂಕದಿಂದ ಏನೂ ಗೊತ್ತಾಗದು. ತಾಯಿ ಕಾರ್ಡಿನ ನಕ್ಷೆಯಲ್ಲಿ ಮೂರ್ನಾಲ್ಕು ತಿಂಗಳ ಚುಕ್ಕೆಗಳನ್ನು ಸೇರಿಸಿದ ಗೆರೆ ಮೇಲಕ್ಕೆ ಹೋಗುತ್ತಿದೆಯೇ, ಮಲಗಿದೆಯೇ, ಇಳಿದಿದೆಯೇ ಎಂಬುದು ಮುಖ್ಯ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆಯೆಂದೂ 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆಯೆಂದೂ ಲೆಕ್ಕ. ಅಂಥ ಮಗುವಿಗೆ ಈ ಲೇಖನ ಸಾಲದು, ವೈದ್ಯರೇ ಬೇಕು.

ಹೊಟ್ಟೆಯ ಅಳತೆಯನ್ನೂ ತಿಳಿದಿರಬೇಕು. ಎಳೆಯ ಮಗುವಿನ ಜಠರ ಹಿಡಿಯುವುದು ಅದರ ತೂಕದ ಪ್ರತಿ ಕೆ.ಜಿ.ಗೆ ಸುಮಾರು 30 ಮಿಲಿಲೀಟರ್. 8 ಕೆ.ಜಿ. ತೂಕದ ಮಗುವಿಗೆ ಒಂದು ಹೊತ್ತಿಗೆ ಸುಮಾರು 240 ಮಿಲಿಲೀಟರ್ ಹಿಡಿಸಬಹುದು, ಅಷ್ಟೇ. ಆದ್ದರಿಂದ ತೂಕ ಬರಬೇಕಾದ ಮಗುವಿಗೆ ಪ್ರಮಾಣ ಹೆಚ್ಚಿಸುವುದಕ್ಕಿಂತ ಅಷ್ಟರಲ್ಲಿಯೇ ಸತ್ವ ಹೆಚ್ಚಿಸುವುದು ಜಾಣತನ. ಒಂದು ಟೀ ಚಮಚ ತುಪ್ಪದಿಂದ ಸುಮಾರು 45 ಕ್ಯಾಲರಿ ಸೇರುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ ವಸ್ತ್ರಗಾಳಿಸುವ ನಮ್ಮ ಹಳೆಯ ಪದ್ಧತಿಯ ಹಿಂದೆ ಈ ಲೆಕ್ಕವೇ ಇದೆ: ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟುಗಟ್ಟದೆ ತೆಳುವಾಗುತ್ತದೆ, ಹೀಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ. ಮೊಳಕೆ ಕಟ್ಟದ ಹಿಟ್ಟಿನಲ್ಲಿ ಮಾಡಿದ ಸರಿ ಬೇಗ ಗಟ್ಟಿಯಾಗುತ್ತದೆಂದು ನೀರು ಹೊಯ್ದರೆ ಹೊಟ್ಟೆ ತುಂಬುವುದು ನೀರಿನಿಂದಲೇ.

ಕೂರಿಸುವ ರೀತಿ

ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆ ಕೊಟ್ಟರೆ ಕೂರಬಲ್ಲ ಮಗುವಿಗೆ ಕೂರಿಸಿಯೇ ಉಣಿಸಬೇಕು. ಸೊಂಟ ನೇರವಾಗಿ, ಮೊಣಕಾಲು ಮಡಿಚಿ, ಪಾದದ ಅಡಿಗೆ ಏನಾದರೂ ತಾಗುವಂತೆ ಕೂರಿಸುವುದು ಬಹಳ ಮುಖ್ಯ. ಕಾಲು ಜೋತಾಡುತ್ತಿದ್ದರೆ ಮಗುವಿನ ಗಮನವೆಲ್ಲ ಬೀಳದೆ ಕೂರುವುದರಲ್ಲೇ ಕಳೆಯುತ್ತದೆ, ದವಡೆ ಮತ್ತು ನಾಲಿಗೆಗೆ ಬೇಕಾದ ಹಿಡಿತ ಬರುವುದಿಲ್ಲ. ಎತ್ತರದ ಕುರ್ಚಿ ಕೊಳ್ಳಬೇಕಾಗಿಲ್ಲ. ದೊಡ್ಡವರು ಚಕ್ಕಳಮಕ್ಕಳ ಹಾಕಿ ಕುಳಿತು ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಅದರ ಬೆನ್ನು ತಮ್ಮ ಹೊಟ್ಟೆಗೆ ಒರಗುವಂತೆ ಹಿಡಿದರೂ ಸಾಕು. ಇನ್ನೊಬ್ಬರು ಎದುರಿಗೆ ಕುಳಿತು ಕೊಡಬಹುದು. ಸ್ವಲ್ಪ ದೊಡ್ಡ ಮಗುವಾದರೆ ಗೋಡೆಯ ಮೂಲೆಯಲ್ಲಿ ಮಣೆ ಹಾಕಿ ಕೂರಿಸಿದರೆ ಎರಡು ಕಡೆಯಿಂದಲೂ ಆಸರೆ ಸಿಗುತ್ತದೆ. ಎದುರು ಕುಳಿತವರ ಕಣ್ಣು ಮಗುವಿನ ಕಣ್ಣಿನ ಮಟ್ಟದಲ್ಲಿರಲಿ. ನಿಂತುಕೊಂಡು ಮೇಲಿನಿಂದ ಚಮಚ ನೀಡಿದರೆ ಮಗು ಕತ್ತೆತ್ತುತ್ತದೆ, ಕತ್ತೆತ್ತಿ ನುಂಗಿದಾಗ ಆಹಾರ ಶ್ವಾಸನಾಳದ ಕಡೆ ಜಾರುವುದು ಸುಲಭ.

ಚಮಚ

ಚಿಕ್ಕ, ಚಪ್ಪಟೆಯ, ಅಂಚು ಹರಿತವಿಲ್ಲದ ಚಮಚ ತೆಗೆದುಕೊಂಡು ಅದರ ಮುಂಭಾಗದ ಅರ್ಧದಷ್ಟು ಮಾತ್ರ ತುಂಬಿರಿ. ಮಗುವಿನ ಮುಖಕ್ಕೆ ನೇರವಾಗಿ, ಗಲ್ಲಕ್ಕಿಂತ ತುಸು ಕೆಳಗಿನಿಂದ ತಂದು, ತುಟಿಯ ಮುಂದೆ ಒಂದು ಗೇಣು ದೂರದಲ್ಲಿ ನಿಲ್ಲಿಸಿರಿ. ಮಗು ಅದನ್ನು ನೋಡಲಿ. ನಂತರ ಕೆಳತುಟಿಗೆ ಮೆಲ್ಲನೆ ತಾಗಿಸಿ ಕಾಯಿರಿ. ಬಾಯಿ ತೆರೆದರೆ ಚಮಚವನ್ನು ನಾಲಿಗೆಯ ನಡುಭಾಗದ ಮೇಲೆ ಚಪ್ಪಟೆಯಾಗಿ ಇಟ್ಟು, ಸ್ವಲ್ಪವೇ ಕೆಳಕ್ಕೆ ಒತ್ತಿ, ಮೇಲ್ತುಟಿ ತಾನಾಗಿ ಇಳಿದು ಚಮಚವನ್ನು ಮುಚ್ಚುವವರೆಗೆ ತಡೆಯಿರಿ. ಆ ಬಳಿಕ ನೇರವಾಗಿ ಹೊರಕ್ಕೆ ಎಳೆಯಿರಿ. ಹೆಚ್ಚಿನವರು ಮಾಡುವ ತಪ್ಪು ಚಮಚವನ್ನು ಮೇಲಕ್ಕೆತ್ತಿ ಮೇಲ್ದವಡೆಗೆ ಒರೆಸಿ ತೆಗೆಯುವುದು. ಹಾಗೆ ಮಾಡಿದರೆ ಅನ್ನ ಬಾಯೊಳಗೆ ಬೀಳುತ್ತದೆಯೇ ಹೊರತು ತುಟಿ ಕೆಲಸ ಕಲಿಯುವುದಿಲ್ಲ, ತುಟಿ ಕಲಿಯದ ಮಗುವಿನ ಬಾಯಿಂದ ಅರ್ಧಕ್ಕರ್ಧ ಹೊರಗೆ ಸುರಿಯುತ್ತಿರುತ್ತದೆ. ಒಂದು ತುತ್ತು ನುಂಗಿ ಬಾಯಿ ಖಾಲಿಯಾದದ್ದನ್ನು ಕಂಡ ಮೇಲೆಯೇ ಮುಂದಿನದು. ನಡುವೆ ಗಲ್ಲ ಒರೆಸುತ್ತಲೇ ಇರಬೇಡಿ. ಬಾಯಿಯ ಸುತ್ತಲಿನ ಆ ಒರೆತವನ್ನು ಸಹಿಸಲಾಗದೆ ಊಟವನ್ನೇ ಒಲ್ಲದ ಮಕ್ಕಳನ್ನು ನಾನು ನೋಡಿದ್ದೇನೆ.

ಮುಖ ತಿರುಗಿಸಿದರೆ ಚಮಚವನ್ನು ಕೆಳಗಿಳಿಸಿ, ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ ತೋರಿಸಬಹುದು. ಮೂರನೆಯ ಸಲವೂ ಬೇಡವೆಂದರೆ ಆ ಹೊತ್ತಿನ ಊಟ ಮುಗಿಯಿತು. ಬೈಗುಳ, ಗುಮ್ಮನ ಹೆದರಿಕೆ, ಚಾಕಲೇಟಿನ ಆಸೆ ಯಾವುದೂ ಬೇಡ. ಚಂದಮಾಮನನ್ನು ತೋರಿಸಿ ತುತ್ತಿಡುವುದನ್ನು ಬಿಡಿ ಎಂದು ಹೇಳುವಷ್ಟು ಕಟುವಾಗಿ ನಾನಿಲ್ಲ, ಏಕೆಂದರೆ ಅಲ್ಲಿ ಉಣಿಸುವವರೂ ಮಗುವೂ ಒಂದೇ ಚಂದಿರನನ್ನು ನೋಡಿ ಮಾತಾಡುತ್ತಿರುತ್ತಾರೆ. ಮೊಬೈಲಿನ ಮಾತು ಬೇರೆ: ಪರದೆಯಲ್ಲಿ ಮುಳುಗಿದ ಮಗು ಬಾಯಿ ತೆರೆಯುತ್ತದೆ, ಆದರೆ ತಾನು ತಿನ್ನುತ್ತಿದ್ದೇನೆ ಎಂಬುದೇ ಅದಕ್ಕೆ ತಿಳಿದಿರುವುದಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿಯೂ ಮುಟ್ಟುವುದಿಲ್ಲ. ನನ್ನ ಮಗನಿಗೇ ಎರಡು ತಿಂಗಳು ಹೀಗೆ ಉಣಿಸಿ, ಆ ಚಟ ಬಿಡಿಸಲು ನಾಲ್ಕು ತಿಂಗಳು ಒದ್ದಾಡಿದ್ದೇನೆ.

ಮಿಕ್ಸಿ ಮತ್ತು ಮುದ್ದೆ

ನುಣ್ಣಗೆ ರುಬ್ಬಿದ್ದನ್ನು ಕುಡಿದು ನುಂಗುವುದಕ್ಕೂ ಗಟ್ಟಿಯದನ್ನು ಅಗಿದು ನುಂಗುವುದಕ್ಕೂ ಬೇರೆಬೇರೆ ಕೌಶಲ ಬೇಕು. ಆರನೆಯ ತಿಂಗಳಿನಲ್ಲಿ ಕಿವುಚಿದ ಆಹಾರ, ಎಂಟು ಒಂಬತ್ತನೆಯ ತಿಂಗಳಿಗೆ ಮೆತ್ತನೆಯ ಗಂಟುಗಳಿರುವ ಆಹಾರ ಮತ್ತು ಕೈಯಲ್ಲಿ ಹಿಡಿದು ಚೀಪುವ ತುಂಡುಗಳು, ವರ್ಷಕ್ಕೆ ಖಾರ ಕಡಿಮೆ ಮಾಡಿದ ಮನೆಯೂಟ ಎಂಬುದು ಸಾಮಾನ್ಯ ಕ್ರಮ. ಸುಮಾರು ಹತ್ತು ತಿಂಗಳಾದರೂ ಗಂಟಿನ ಆಹಾರವನ್ನೇ ಕಾಣದ ಮಕ್ಕಳಲ್ಲಿ ಮುಂದೆ ಊಟದ ತೊಂದರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಎರಡು ವರ್ಷದವರೆಗೂ ಮಿಕ್ಸಿಯಲ್ಲಿ ತಿರುವಿದ ಅನ್ನವನ್ನೇ ಕೊಡುವ ಮನೆಗಳು ಮೈಸೂರಿನ ಬಡಾವಣೆಗಳಲ್ಲಿಯೂ ಇವೆ, ಮಳವಳ್ಳಿಯ ಹಳ್ಳಿಗಳಲ್ಲಿಯೂ ಇವೆ. ಇಂಥ ಮಗುವನ್ನು ಒಂದೇ ದಿನ ಗಟ್ಟಿ ಅನ್ನಕ್ಕೆ ತಂದರೆ ಅದು ಓಕರಿಸುವುದು ಸಹಜ. ಮಿಕ್ಸಿಯ ಬದಲು ಮೊದಲ ವಾರ ಸ್ಮ್ಯಾಶರಿನಲ್ಲಿ, ಮುಂದಿನ ವಾರ ಕೈಯಲ್ಲಿ, ಆಮೇಲೆ ಚಮಚದ ಬೆನ್ನಿನಲ್ಲಿ ಒಂದಿಷ್ಟು ಮಾತ್ರ ಮಸೆದು ಕೊಡುತ್ತ ಬಂದರೆ ಹದ ಏರಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ತೆಳುನೀರಿನಲ್ಲಿ ಗಟ್ಟಿ ತುಂಡುಗಳು ತೇಲುವಂಥದ್ದು ಮಾತ್ರ ಎಲ್ಲಕ್ಕಿಂತ ಕಷ್ಟದ ಹದ, ಅದನ್ನು ಕಡೆಗೆ ಇಟ್ಟುಕೊಳ್ಳಿ.

ಇಲ್ಲಿ ನಮ್ಮ ಸೀಮೆಯ ಮುದ್ದೆಯ ವಿಷಯ ಬರುತ್ತದೆ. ಮುದ್ದೆ ಬಲ್ಲವರು ಅದನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ತಾತ ಮೊಮ್ಮಗನಿಗೆ ಹೇಳಿಕೊಡುವುದೂ ಅದನ್ನೇ. ಅಗಿಯುವುದನ್ನು ಇನ್ನೂ ಕಲಿಯಬೇಕಾದ ಮಗುವಿಗೆ ಇದು ಪಾಠವಲ್ಲ, ಜೊತೆಗೆ ಗಟ್ಟಿಯಾದ ಅಂಟಿನ ತುಂಡು ಗಂಟಲಲ್ಲಿ ನಿಲ್ಲಬಹುದು. ಸಾರಿನಲ್ಲಿ ಚೆನ್ನಾಗಿ ಕಿವುಚಿದ ಮುದ್ದೆ ಹೊಟ್ಟೆಗೆ ಒಳ್ಳೆಯದು, ಸಂಶಯವಿಲ್ಲ. ಅಗಿಯುವ ಪಾಠಕ್ಕೆ ಬೇಯಿಸಿದ ಕ್ಯಾರೆಟ್ಟಿನ ಬೆರಳುದ್ದದ ತುಂಡು, ಬೇಯಿಸಿದ ಸಿಹಿಗುಂಬಳ, ಮಾಗಿದ ಪರಂಗಿ, ಇಡ್ಲಿಯ ಚೂರು ಬೇರೆಯಾಗಿ ಇರಲಿ. ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ನಜ್ಜಾಗುವಷ್ಟು ಮೆತ್ತಗಿರಬೇಕು. ಅಂಥ ತುಂಡನ್ನು ನಾಲಿಗೆಯ ನಡುವೆ ಇಡದೆ, ಒಂದು ಸಲ ಬಲದವಡೆಯ ಕಡೆ, ಒಂದು ಸಲ ಎಡದವಡೆಯ ಕಡೆ ಇಟ್ಟರೆ ನಾಲಿಗೆ ಪಕ್ಕಕ್ಕೆ ಹೊರಳುವುದನ್ನು ಕಲಿಯುತ್ತದೆ. ಅಗಿಯುವ ವಿದ್ಯೆಯ ಮೊದಲ ಹೆಜ್ಜೆ ಅದೇ. ತುತ್ತನ್ನು ಗಂಟೆಗಟ್ಟಲೆ ಕೆನ್ನೆಯಲ್ಲಿ ಅವುಚಿಕೊಂಡು ಕೂರುವ ಮಗು ಹಟ ಮಾಡುತ್ತಿದೆ ಎಂದುಕೊಳ್ಳಬೇಡಿ, ಎಷ್ಟೋ ಸಲ ಅದನ್ನು ಮುಂದೇನು ಮಾಡಬೇಕೆಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಉಪ್ಸಾರು ಮಾಡುವ ಮನೆಯಲ್ಲಿ ಮಗುವಿಗೆ ಬೇರೆ ಅಡುಗೆಯೂ ಬೇಕಾಗಿಲ್ಲ. ಕಾಳು, ಸೊಪ್ಪು ಬೆಂದ ಮೇಲೆ ಖಾರವನ್ನು ಬೇರೆಯಾಗಿ ಅರೆದು ತಟ್ಟೆಯಲ್ಲಿ ಕಲಸಿಕೊಳ್ಳುವುದು ಅದರ ರೀತಿ. ಉಪ್ಪು ಬೀಳುವ ಮುನ್ನ ಬೆಂದ ಕಾಳು ಸೊಪ್ಪನ್ನು ಎರಡು ಸೌಟು ತೆಗೆದಿಟ್ಟು, ಅನ್ನದೊಡನೆ ಮಸೆದು, ತುಪ್ಪ ಹಾಕಿ, ನಿಂಬೆಯ ಎರಡು ಹನಿ ಹಿಂಡಿದರೆ ಮಗುವಿನ ಊಟವಾಯಿತು; ನಿಂಬೆಯ ಹುಳಿ ಕಾಳು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ವರ್ಷದೊಳಗೆ ಉಪ್ಪು, ಸಕ್ಕರೆ ಸೇರಿಸಬಾರದು, ಜೇನುತುಪ್ಪವನ್ನಂತೂ ನೆಕ್ಕಿಸಲೇಬಾರದು. ಆಲೆಮನೆಯ ಊರಿನವರಿಗೆ ಬೆಲ್ಲವಿಲ್ಲದ ಸರಿ ಕುಡಿಸಿ ಎಂದು ಹೇಳುವುದು ಕಷ್ಟವೇ, ಆದರೂ ಸಿಹಿಯಿಂದ ಶುರುವಾದ ನಾಲಿಗೆ ಸೊಪ್ಪಿಗೆ ಬರಲು ಹೆಚ್ಚು ದಿನ ಹಿಡಿಯುತ್ತದೆ.

ಓಕರಿಕೆಯೂ ಉಸಿರುಗಟ್ಟುವುದೂ ಒಂದಲ್ಲ. ಓಕರಿಸುವ ಮಗು ಸದ್ದು ಮಾಡುತ್ತದೆ, ಮುಖ ಕೆಂಪಾಗುತ್ತದೆ, ತುತ್ತನ್ನು ತಾನೇ ಮುಂದಕ್ಕೆ ತಳ್ಳುತ್ತದೆ. ಅದು ಕಾಪಾಡುವ ಕ್ರಿಯೆ, ನೀವು ಕಿರುಚದೆ ಕಾಯಬೇಕು. ಉಸಿರುಗಟ್ಟಿದ ಮಗುವಿಗೆ ಸದ್ದೇ ಇರುವುದಿಲ್ಲ, ಅಳು ಹೊರಡದು, ತುಟಿ ನೀಲಿಗಟ್ಟುತ್ತದೆ. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು, ಆಮೇಲೆ ಮಗುಚಿ ಎದೆಯ ನಡುಮೂಳೆಯ ಮೇಲೆ ಐದು ಸಲ ಒತ್ತು. ವರ್ಷ ದಾಟಿದ ಮಗುವಿಗೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಪೆಟ್ಟು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತು. ವಸ್ತು ಹೊರಬರುವವರೆಗೆ ಇದನ್ನೇ ಮುಂದುವರಿಸುತ್ತಿರುವಾಗ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಐದು ವರ್ಷದವರೆಗೆ ಕೈಗೆ ಸಿಗದಂತಿರಲಿ.

ಹಸಿವು ಹುಟ್ಟುವಷ್ಟು ಬಿಡುವು

ಹಸುವಿರುವ ಮನೆಯ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಾಣುವ ತೊಂದರೆ ಹಾಲಿನದೇ. ಎದ್ದೊಡನೆ ಒಂದು ಬಾಟಲಿ, ಹತ್ತು ಗಂಟೆಗೆ ಇನ್ನೊಂದು, ಊಟ ಮಾಡಲಿಲ್ಲವೆಂದು ಮತ್ತೊಂದು, ಮಲಗುವಾಗ ಕಡೆಯದು. ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರಿಗಿಂತ ಹೆಚ್ಚು ಹಸುವಿನ ಹಾಲು ಬೇಡ. ಅದಕ್ಕಿಂತ ಹೆಚ್ಚಾದರೆ ಹೊಟ್ಟೆ ತುಂಬಿ ಊಟ ಬೇಡವಾಗುತ್ತದೆ, ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ರಕ್ತಹೀನತೆ ಬರುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನಷ್ಟು ಸಾಯುತ್ತದೆ. ಮಣ್ಣು, ಸೀಮೆಸುಣ್ಣ ತಿನ್ನುವ ಮಗುವಿನ ರಕ್ತವನ್ನು ತಪ್ಪದೆ ಪರೀಕ್ಷೆ ಮಾಡಿಸಬೇಕು. 6 ತಿಂಗಳಿನಿಂದ 5 ವರ್ಷದವರೆಗೆ ಆಶಾ ಕಾರ್ಯಕರ್ತೆಯ ಮೂಲಕ ಸಿಗುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕೊಡಬೇಕಾದದ್ದು ಇದಕ್ಕಾಗಿಯೇ.

ಎರಡು ಊಟ ತಿಂಡಿಗಳ ನಡುವೆ ಎರಡೂವರೆಯಿಂದ ಮೂರು ಗಂಟೆ ನೀರಿನ ಹೊರತು ಏನೂ ಇರಬಾರದು, ಅಂಗಡಿಯ ಬಿಸ್ಕತ್ತೂ ಸೇರಿದಂತೆ. ಎದೆಹಾಲು ಕುಡಿಯುವ ಮಗುವಿಗೂ ವರ್ಷದ ಮೇಲೆ ಊಟಕ್ಕೆ ಮುಂಚಿನ ಒಂದು ಗಂಟೆ ಹಾಲನ್ನು ತಡೆದರೆ ಒಳ್ಳೆಯದು. ಊಟಕ್ಕೆ ಕೂರಿಸಿದ ಮೇಲೆ ಅರ್ಧ ಗಂಟೆ ಸಾಕು. ಆಮೇಲೆ ತಟ್ಟೆ ಎತ್ತಿ. ತಟ್ಟೆ ಹಿಡಿದು ಬೀದಿಯ ತುದಿಯವರೆಗೆ ಮಗುವಿನ ಹಿಂದೆ ಹೋಗುವುದರಿಂದ ಒಳಕ್ಕೆ ಸೇರುವ ನಾಲ್ಕು ತುತ್ತು ಮುಂದಿನ ಹೊತ್ತಿನ ಹಸಿವನ್ನು ತಿಂದುಹಾಕುತ್ತದೆ.

ಹೊಸ ರುಚಿಯನ್ನು ಒಂದು ಸಲ ಉಗುಳಿದರೆ ಅದು ಕಡೆಯ ಮಾತಲ್ಲ. ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಕಣ್ಣಿಗೂ ಕೈಗೂ ಬಿದ್ದ ಮೇಲೆ ಮಗು ಅದನ್ನು ಬಾಯಿಗೆ ಬಿಟ್ಟುಕೊಳ್ಳುತ್ತದೆ. ಮೊದಲು ತಟ್ಟೆಯ ಅಂಚಿನಲ್ಲಿ ಇರಲಿ, ಆಮೇಲೆ ಮುಟ್ಟಲಿ, ಮೂಸಲಿ, ನೆಕ್ಕಲಿ. ಬಿಳಿ ದೋಸೆ ಬಿಟ್ಟು ಬೇರೇನನ್ನೂ ಮುಟ್ಟದ ಮಗುವಿಗೆ ಅದೇ ಆಕಾರ, ಅದೇ ಗರಿಯ ದೋಸೆಯ ಹಿಟ್ಟಿನಲ್ಲಿ ಒಂದು ಚಮಚ ರಾಗಿ ಹಿಟ್ಟು ಸೇರಿಸಿ ವಾರ ಕಳೆಯಿರಿ, ಮುಂದಿನ ವಾರ ಎರಡು ಚಮಚ, ಅದರ ಮುಂದಿನ ವಾರ ತುರಿದ ಕ್ಯಾರೆಟ್. ಒಪ್ಪಿದ ಒಂದು ತಿನಿಸಿನಿಂದ ಪಕ್ಕದ ಇನ್ನೊಂದಕ್ಕೆ ದಾಟುವ ಈ ದಾರಿ ನಿಧಾನದ್ದು, ಆದರೆ ಹಟಕ್ಕೆ ಬೀಳುವುದಿಲ್ಲ.

ಪಾಂಡವಪುರದ ಆ ಮನೆಯಲ್ಲಿ ನಾನು ಚಮಚವನ್ನು ಕೊಟ್ಟದ್ದು ತಾಯಿಯ ಕೈಗಲ್ಲ, ಅಜ್ಜಿಯ ಕೈಗೆ. ಮನೆಯಲ್ಲಿ ಉಣಿಸುವವರು ಯಾರೋ ಅವರನ್ನು ಬಿಟ್ಟು ಸೊಸೆಗೆ ಕಲಿಸಿದರೆ ಎರಡು ದಿನಕ್ಕೆ ಒಳಲೆ ಮತ್ತೆ ಹೊರಬರುತ್ತದೆ. ಮೊದಲ ನಾಲ್ಕು ದಿನ ಕೂಸು ಮುಂಚಿಗಿಂತ ಕಡಿಮೆಯೇ ತಿಂದಿತು, ಅಜ್ಜಿ ನನ್ನ ಮೇಲೆ ಮುನಿಸಿಕೊಂಡರು. ತೂಕದ ಗೆರೆ ಸರಿಯಿದ್ದುದರಿಂದ ನಾನು ಧೈರ್ಯ ಹೇಳಿದೆ. ಎರಡನೆಯ ವಾರ ಚಮಚ ಕಂಡರೆ ಮುಖ ತಿರುಗಿಸುವುದನ್ನು ಅದು ನಿಲ್ಲಿಸಿತ್ತು. ಬಾಯಿ ದೊಡ್ಡದಾಗಿ ತೆರೆಯಲು ಇನ್ನೂ ಒಂದು ತಿಂಗಳು ಹಿಡಿಯಿತು.

ಮನೆಯಲ್ಲಿ ಆಗದ ತೊಂದರೆಗಳು

ಊಟ ನೆತ್ತಿಗೆ ಹತ್ತಿದಾಗ ಯಾರೋ ನೆನೆಸಿಕೊಂಡರು ಎಂದು ನೆತ್ತಿ ತಟ್ಟುವುದು ನಮ್ಮ ರೂಢಿ. ಆದರೆ ಪ್ರತಿ ಹೊತ್ತೂ ಯಾರೂ ನೆನೆಸಿಕೊಳ್ಳುವುದಿಲ್ಲ. ಉಣ್ಣುವಾಗ, ಅದರಲ್ಲೂ ನೀರು ಹಾಲು ಕುಡಿಯುವಾಗ ಪದೇಪದೇ ಕೆಮ್ಮು ಬರುವುದು, ನುಂಗಿದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಮತ್ತೆಮತ್ತೆ ನ್ಯುಮೋನಿಯಾ ಆಗುವುದು, ಹಾಲು ಮೂಗಿನಿಂದ ಬರುವುದು, ಹಾಲು ಕುಡಿಯುವಾಗ ಹಣೆ ಬೆವರಿ ಏದುಸಿರು ಬರುವುದು, ಪ್ರತಿ ಊಟದ ಮೇಲೂ ವಾಂತಿ, ತೂಕದ ಗೆರೆ ಇಳಿಯುವುದು, ಮೊದಲು ತಿನ್ನುತ್ತಿದ್ದ ತಿನಿಸುಗಳನ್ನು ಒಂದೊಂದಾಗಿ ಬಿಡುತ್ತ ನಾಲ್ಕೈದಕ್ಕೆ ಬಂದು ನಿಲ್ಲುವುದು: ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹಲ್ಲು ಹುಳುಕು, ಬಾಯಿಹುಣ್ಣು, ಮಲಬದ್ಧತೆಯಂಥ ಸಣ್ಣ ಕಾರಣಗಳನ್ನು ಅವರು ಮೊದಲು ನೋಡುತ್ತಾರೆ. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯೂ ಮಂಡ್ಯದಲ್ಲಿ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆಯೂ ಇವೆ. ಅಗಿಯುವ, ನುಂಗುವ ಕ್ರಿಯೆಯಲ್ಲೇ ತೊಡಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಅದು ಕಿವಿ ಕೇಳದವರಿಗೆ, ಮಾತು ಬಾರದವರಿಗೆ ಮಾತ್ರವೆಂದು ಹಲವರು ತಿಳಿದಿದ್ದಾರೆ. ಮಾತಾಡುವ ನಾಲಿಗೆಯೂ ನುಂಗುವ ನಾಲಿಗೆಯೂ ಒಂದೇ ಆದ್ದರಿಂದ ವಾಕ್ ತಜ್ಞರು ನುಂಗುವ ತೊಂದರೆಗಳನ್ನೂ ಪರೀಕ್ಷಿಸುತ್ತಾರೆ. ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಸೀಳು ಅಂಗುಳವಿರುವ ಮಕ್ಕಳನ್ನೂ ದಿನ ತುಂಬದೆ ಹುಟ್ಟಿದವರನ್ನೂ ತೊಂದರೆ ಬೆಳೆಯುವವರೆಗೆ ಕಾಯದೆ ಕರೆದೊಯ್ಯುವುದು ಒಳ್ಳೆಯದು.

ಹೋಗುವ ಮುನ್ನ ಮೂರು ದಿನ, ಮಗು ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಹೊತ್ತಿನ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ನೀರು, ಹಾಲು, ಬಿಸ್ಕತ್ತಿನ ಚೂರನ್ನೂ ಬಿಡಬೇಡಿ. ಮನೆಯಲ್ಲಿ ಎಂದಿನಂತೆ ನಡೆಯುವ ಒಂದು ಊಟವನ್ನು ಮೊಬೈಲಿನಲ್ಲಿ ಮುಖವೂ ಕೂತ ಭಂಗಿಯೂ ಕಾಣುವಂತೆ ಚಿತ್ರಿಸಿಕೊಳ್ಳಿ, ಏಕೆಂದರೆ ಆಸ್ಪತ್ರೆಯ ಕೋಣೆಯಲ್ಲಿ ಮಗು ಮನೆಯಂತೆ ಉಣ್ಣುವುದಿಲ್ಲ. ತಾಯಿ ಕಾರ್ಡ್, ಮಗು ದಿನವೂ ಬಳಸುವ ಚಮಚ ಲೋಟ, ಅದು ಒಪ್ಪುವ ಒಂದು ತಿನಿಸು, ಒಪ್ಪದ ಒಂದು ತಿನಿಸು ಚೀಲದಲ್ಲಿರಲಿ. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಏನನ್ನೂ ಕೊಡಿಸದೆ, ಸ್ವಲ್ಪ ಹಸಿವಿರುವಾಗಲೇ ಕರೆದುಕೊಂಡು ಬನ್ನಿ.